ಒಂದು ನಗೆ ಕಾದಂಬರಿ, ಎಂಟು ಮನೆ: ಅಂಚೆಯಲ್ಲಿ ಪುಸ್ತಕ ಸುತ್ತಿಸುವುದು ಹೇಗೆ

ನಮ್ಮ ಕಡೆ ಮದುವೆ ಊಟಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಮೊದಲ ಪಂಕ್ತಿಯವರು ಇನ್ನೂ ಹೋಳಿಗೆ ಮುರಿಯುತ್ತಿರುತ್ತಾರೆ. ಅಷ್ಟರಲ್ಲಿ ಎರಡನೇ ಪಂಕ್ತಿಯವರು ಬಂದು ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರೆ. ಏನೂ ಮಾತಾಡುವುದಿಲ್ಲ, ಸುಮ್ನೆ ನಿಲ್ಲುತ್ತಾರೆ. ಉಣ್ಣುವವನ ಕೈ ತಾನಾಗಿ ಚುರುಕಾಗುತ್ತದೆ.

ಒಂದು ಪುಸ್ತಕವನ್ನು ಅಂಚೆಯಲ್ಲಿ ಎಂಟು ಮನೆ ಸುತ್ತಿಸಲು ಬೇಕಾದದ್ದು ಹೆಚ್ಚುಕಡಿಮೆ ಇದೇ. ಓದುತ್ತಿರುವವರ ಬೆನ್ನ ಹಿಂದೆ ಹಸಿದವರೊಬ್ಬರು ನಿಂತಿರಬೇಕು.

ನಾನು ಇದನ್ನು ಕಲಬುರಗಿಯಿಂದ ಎರಡು ಸಲ ಮಾಡಿದ್ದೇನೆ. ಮೊದಲ ಸಲ ಮೂರನೇ ಮನೆಯಲ್ಲಿ ಪುಸ್ತಕ ನಿಂತುಬಿಟ್ಟಿತು. ನಾಲ್ಕು ತಿಂಗಳಾದ ಮೇಲೆ ನಾನೇ ಬಸ್ ಹತ್ತಿ ಹೋಗಿ ತಂದೆ. ಎರಡನೇ ಸಲ ಎಂಟೂ ಮನೆ ಸುತ್ತಿ ವಾಪಸ್ ಬಂತು. ಎರಡೂ ಸಲ ಅಂಚೆಯಲ್ಲಿ ಪುಸ್ತಕ ಕಳೆಯಲಿಲ್ಲ. ಪುಸ್ತಕ ಕಳೆಯುವುದು ಫ್ರಿಜ್ಜಿನ ಮೇಲೆ, ಕರೆಂಟ್ ಬಿಲ್ಲು, ಮದುವೆ ಕಾರ್ಡುಗಳ ಅಡಿಯಲ್ಲಿ. ಹಾಗಾಗಿ ಕೆಳಗೆ ಬರೆದಿರುವುದೆಲ್ಲ ಪುಸ್ತಕವನ್ನು ಮನೆಯಿಂದ ಹೊರಗೆ ಹಾಕಿಸುವ ಉಪಾಯ ಅಂತಲೇ ಓದಿಕೊಳ್ಳಿ.

ಪುಸ್ತಕದ ಬಗ್ಗೆ ಎರಡು ಮಾತು. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅಲ್ಲಿನ ಪುಸ್ತಕ ಮಳಿಗೆಯಲ್ಲಿ ಕೊಂಡದ್ದು. ಮದುವೆ ಮನೆಯ ಅಡುಗೆಯವನೊಬ್ಬನ ಕತೆ. ಮೊದಲಿಂದ ಕೊನೆತನಕ ಉಪ್ಪು, ಒಗ್ಗರಣೆ, ಬೀಗರ ಜಗಳ. ಓದಿದವರೆಲ್ಲ ಎರಡೇ ಮಾತು ಹೇಳಿದರು: ನಕ್ಕೂ ನಕ್ಕೂ ಸಾಕಾಯ್ತು, ಓದುತ್ತಾ ಓದುತ್ತಾ ಹಸಿವಾಯ್ತು.

ಎಂಥ ಪುಸ್ತಕ ಬೇಕು

ಊಟದ ಸುತ್ತ ಹೆಣೆದ ನಗೆ ಕಾದಂಬರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಂಭೀರ ಕಾದಂಬರಿ ಕಳಿಸಿದರೆ ಜನ 'ಪುರುಸೊತ್ತಾಗಿ ಓದೋಣ' ಅಂತ ತೆಗೆದಿಡುತ್ತಾರೆ. ಆ ಪುರುಸೊತ್ತು ಬರುವುದೇ ಇಲ್ಲ. ನಗೆ ಪುಸ್ತಕವನ್ನು ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ನಾಲ್ಕು ಪುಟ ಓದಬಹುದು. ಮತ್ತೆ ಅದು ಒಬ್ಬರ ಪುಸ್ತಕವಾಗಿ ಉಳಿಯುವುದಿಲ್ಲ. ಒಳಗಿಂದ ನಗು ಕೇಳಿದರೆ ಇನ್ನೊಬ್ಬರು ಬಂದು 'ಏನದು, ಓದು ನೋಡೋಣ' ಅನ್ನುತ್ತಾರೆ. ಎಂಟು ಮನೆಗೆ ಕಳಿಸಿದ ಪುಸ್ತಕವನ್ನು ಕಡಿಮೆ ಅಂದರೂ ಇಪ್ಪತ್ತು ಜನ ಓದಿದ್ದಾರೆ ಅಂತ ನನ್ನ ಅಂದಾಜು.

ಆರಿಸುವಾಗ ಇಷ್ಟು ನೋಡಿ. ಅಂಗಡಿಯಲ್ಲಿ ಇನ್ನೂ ಸಿಗುವ ಪುಸ್ತಕವೇ ಇರಲಿ, ಹಾಳಾದರೆ ಇನ್ನೊಂದು ಪ್ರತಿ ಕೊಳ್ಳಬಹುದು. ಲೇಖಕರ ಸಹಿ ಇರುವ ಪ್ರತಿ, ಅಜ್ಜನ ಹೆಸರು ಬರೆದ ಪ್ರತಿ ಕಳಿಸಬೇಡಿ. ಲೈಬ್ರರಿಯದ್ದಂತೂ ಬೇಡವೇ ಬೇಡ.

ಬೈಂಡಿಂಗ್ ನೋಡುವುದನ್ನು ಮರೆಯಬೇಡಿ. ಪುಸ್ತಕವನ್ನು ನಡುವೆ ತೆರೆದು ಬೆನ್ನು ನೋಡಿ. ದಾರದ ಹೊಲಿಗೆ ಕಂಡರೆ ಚಿಂತೆಯಿಲ್ಲ. ಬರೀ ಗೋಂದು ಇದ್ದರೆ ನಮ್ಮ ಬೇಸಿಗೆ ಅದಕ್ಕೆ ವೈರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ದಿನ ಬಿದ್ದಿದ್ದರೆ ಹಾಳೆಗಳು ಇಸ್ಪೀಟ್ ಎಲೆಯ ಹಾಗೆ ಕಳಚಿಕೊಳ್ಳುತ್ತವೆ. ಗೋಂದಿನ ಪುಸ್ತಕವೇ ಆಗಿದ್ದರೆ ಮೊದಲೇ ಬೈಂಡಿಂಗ್ ಮಾಡುವವರ ಹತ್ತಿರ ಕೊಟ್ಟು ಎರಡು ಹೊಲಿಗೆ ಹಾಕಿಸಿ.

ಇನ್ನು ತೂಕ. 200 ಪುಟ ಅಂದರೆ 100 ಹಾಳೆ. ಡೆಮಿ ಅಷ್ಟದಳ ಅಳತೆಯ (ಮಾಮೂಲಿ ಕಾದಂಬರಿಯ ಅಳತೆ), 70 ಜಿಎಸ್‌ಎಂ ಕಾಗದದ (ಚದರ ಮೀಟರಿಗೆ 70 ಗ್ರಾಂ ತೂಗುವಂಥದ್ದು) ಪುಸ್ತಕ ರಕ್ಷಾಪುಟ ಸೇರಿ ಸುಮಾರು 230 ಗ್ರಾಂ ತೂಗುತ್ತದೆ. ಕಟ್ಟುವ ಸಾಮಾನು 40 ಗ್ರಾಂ ಹಿಡಿಯಿರಿ. ಒಟ್ಟು 270. ಈ ಲೆಕ್ಕ ಯಾಕೆ ಅಂತ ಅಂಚೆಯ ಮಾತು ಬಂದಾಗ ಹೇಳುತ್ತೇನೆ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ತೂಗಿಯೇ ನೋಡಿ.

ಒಂದು ಎಚ್ಚರಿಕೆ. ಕೊಂಡ ಪ್ರತಿಯನ್ನು ಕೈಯಿಂದ ಕೈಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ 'ಕಾಯೋದ್ಯಾಕೆ, ಸ್ಕ್ಯಾನ್ ಮಾಡಿ ಎಲ್ಲರಿಗೂ ಹಾಕಿಬಿಡಿ' ಅನ್ನುವವರು ಒಬ್ಬರಾದರೂ ಇರುತ್ತಾರೆ. ಪಿಡಿಎಫ್ ಮಾಡಿ ಹಂಚುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ವಿರುದ್ಧ. ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಅವರ ಕಡೆಯವರದ್ದೇ. ಆ ಮಾತು ಬಂದ ದಿನವೇ ಬೇಡ ಅಂದುಬಿಡಿ.

ಎಷ್ಟು ಜನ

ಎಂಟು ಸಾಕು. ಲೆಕ್ಕ ಹಾಕಿ ನೋಡಿ. ಓದಲು 15 ದಿನ, ಕಟ್ಟಿ ಅಂಚೆಗೆ ಹಾಕಿ ಮುಟ್ಟಲು 5 ದಿನ. ಒಬ್ಬರಿಗೆ 20 ದಿನ ಆಯಿತು. ಎಂಟು ಜನಕ್ಕೆ 160 ದಿನ, ಐದು ತಿಂಗಳ ಮೇಲೆ. ಹನ್ನೆರಡು ಜನ ಅಂದರೆ ಎಂಟು ತಿಂಗಳು. ಅಷ್ಟರಲ್ಲಿ ಕೊನೆಯವರಿಗೆ ತಾವು ಹೆಸರು ಕೊಟ್ಟದ್ದೇ ಮರೆತುಹೋಗಿರುತ್ತದೆ. ನಾನು ಮೊದಲ ಸಲ ಹದಿನಾಲ್ಕು ಜನರನ್ನು ಹಾಕಿಕೊಂಡಿದ್ದೆ. ಅದು ಉತ್ಸಾಹ ಜಾಸ್ತಿಯಾಗಿ ಮಾಡಿದ ತಪ್ಪು.

ಜಾಸ್ತಿ ಜನ ಕೇಳಿದರೆ ಎರಡು ಪ್ರತಿ ಕೊಂಡು ಎರಡು ಸುತ್ತು ಬಿಡಿ.

ಸಾಲು ಹಾಕುವುದು

ಹೆಸರು ಕೊಟ್ಟ ಕ್ರಮದಲ್ಲಿ ಸಾಲು ಹಾಕಬೇಡಿ. ನಕಾಶೆ ನೋಡಿಯೂ ಹಾಕಬೇಕಿಲ್ಲ. ಆಳಂದದಿಂದ ಬಸವಕಲ್ಯಾಣ ಹತ್ತಿರ ಅಂತ ನಮಗೆ ಅನ್ನಿಸುತ್ತದೆ. ಆದರೆ ಅಂಚೆ ಚೀಲ ನೆಟ್ಟಗೆ ಈ ಊರಿಂದ ಆ ಊರಿಗೆ ಹೋಗುವುದಿಲ್ಲ. ದೊಡ್ಡ ಊರಿನ ವಿಂಗಡಣೆ ಕೇಂದ್ರ ಮುಟ್ಟಿಯೇ ಹೊರಡುತ್ತದೆ. ಹಾಗಾಗಿ ಹತ್ತಿರದ ಊರು ಅಂತ ದೊಡ್ಡ ಲಾಭ ಏನಿಲ್ಲ.

ನಾನು ಜನರ ಸ್ವಭಾವ ನೋಡಿ ಹಾಕುತ್ತೇನೆ. ನಿಧಾನ ಓದುವವರು ಯಾರು, ಬಿಡದೆ ಫೋನ್ ಮಾಡುವವರು ಯಾರು ಅಂತ ನಿಮಗೆ ಗೊತ್ತೇ ಇರುತ್ತದಲ್ವಾ? ನಿಧಾನದವರ ಹಿಂದೆಯೇ ಫೋನ್ ಮಾಡುವವರನ್ನು ನಿಲ್ಲಿಸಿ. ನಮ್ಮ ಗುಂಪಿನಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಯಾದಗಿರಿ ಕಡೆಯವರು. ಅವರ ಸರದಿಗೆ ಇನ್ನೂ ಎರಡು ಮನೆ ಬಾಕಿ ಇರುವಾಗಲೇ ಶುರು ಮಾಡುತ್ತಿದ್ದರು: "ಬುಕ್ ಎಲ್ಲಿಗಿ ಬಂದದ ನೋಡ್ರಿ ಜರಾ." ಅವರಿಗಿಂತ ಒಂದು ಮನೆ ಮೊದಲಿನ ಸ್ಥಾನವನ್ನು ನಾನು ಬೇಕಂತಲೇ ನಮ್ಮ ಗುಂಪಿನ ಅತಿ ಸೋಮಾರಿ ಗೆಳೆಯನಿಗೆ ಕೊಟ್ಟಿದ್ದೆ. ಅವನು ಒಂಬತ್ತೇ ದಿನಕ್ಕೆ ಓದಿ ಮುಗಿಸಿದ.

ಹಂಗಾಮೂ ನೋಡಬೇಕು. ಹೊಲ ಇರುವವರಿಗೆ ತೊಗರಿ ರಾಶಿ ಮಾಡುವ ಹೊತ್ತಿನಲ್ಲಿ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಪುಸ್ತಕ ಕಳಿಸಿದರೆ ಅದು ಚೀಲಗಳ ಮಧ್ಯೆ ಸೇರಿಹೋಗುತ್ತದೆ. ಶಾಲೆಯಲ್ಲಿ ಕೆಲಸ ಮಾಡುವವರಿಗೆ ಪರೀಕ್ಷೆಯ ಮಾರ್ಚ್ ಬೇಡ. ಒಂದು ವಾರ ಮೊದಲೇ 'ನಿಮ್ಮ ಸರದಿ ಬರ್ತಾ ಇದೆ, ಮನೇಲಿ ಇರ್ತೀರಾ' ಅಂತ ಕೇಳಿ. ಮದುವೆಗೋ ಮುಂಬೈಗೋ ಹೊರಟಿದ್ದರೆ ಇಬ್ಬರ ಸ್ಥಾನ ಅದಲುಬದಲು ಮಾಡಿ.

ತಯಾರಿ ಲಕೋಟೆ

ನನ್ನ ಎರಡನೇ ಸುತ್ತನ್ನು ಉಳಿಸಿದ್ದು ಇದೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪುಸ್ತಕ ಹೊರಡುವ ಮೊದಲೇ ಎಂಟೂ ಜನರಿಗೆ ಒಂದೊಂದು ಸಾದಾ ಲಕೋಟೆ ಕಳಿಸಿ. ಒಳಗೆ ಎರಡು ವಸ್ತು. ಒಂದು, ಅವರು ಮುಂದೆ ಕಳಿಸಬೇಕಾದ ವಿಳಾಸ ಬರೆದ ಚೀಟಿ. ಎರಡು, ಓದಿದ ಮೇಲೆ ಅನಿಸಿಕೆ ಬರೆದು ಹಾಕಲು, ನಿಮ್ಮ ವಿಳಾಸ ಮೊದಲೇ ಬರೆದಿಟ್ಟ ಖಾಲಿ ಪೋಸ್ಟ್‌ಕಾರ್ಡ್. 20 ಗ್ರಾಂ ಒಳಗಿನ ಸಾದಾ ಪತ್ರಕ್ಕೆ 5 ರೂಪಾಯಿ ಸ್ಟ್ಯಾಂಪ್ ಸಾಕು. ಕಾರ್ಡು 50 ಪೈಸೆ. ಎಂಟು ಜನಕ್ಕೆ ಸೇರಿ 44 ರೂಪಾಯಿ, ಎರಡು ಪ್ಲೇಟ್ ಮಿರ್ಚಿ ಭಜಿ ದುಡ್ಡು.

ಇದರಿಂದ ಮೂರು ಅನುಕೂಲ. ಓದಿ ಮುಗಿಸಿದವರು 'ಮುಂದೆ ಯಾರಿಗೆ ಕಳಿಸಬೇಕಿತ್ತು, ವಿಳಾಸ ಎಲ್ಲಿ ಹೋಯ್ತು' ಅಂತ ಹುಡುಕುತ್ತಾ ಕೂರುವುದಿಲ್ಲ. ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಮಾತ್ರ ತಿಳಿಯುತ್ತದೆ, ಎಂಟು ಜನಕ್ಕೂ ಅಲ್ಲ. ಮನೆ ವಿಳಾಸ ಕೊಡಲು ಇಷ್ಟವಿಲ್ಲದ ಅಕ್ಕಂದಿರು ಇರುತ್ತಾರೆ. ಅವರು ಶಾಲೆಯದ್ದೋ ಆಫೀಸಿನದ್ದೋ ಕೊಟ್ಟರೆ ಸುಮ್ಮನೆ ತೆಗೆದುಕೊಳ್ಳಿ, ಯಾಕೆ ಅಂತ ಕೇಳಬೇಡಿ. ಮೂರನೆಯದು, ಲಕೋಟೆ ಮನೆಯಲ್ಲಿದ್ದರೆ ಪುಸ್ತಕದ ನೆನಪು ಇರುತ್ತದೆ. ಎಲೆ ಹಾಕಿಸಿಕೊಂಡು ಕೂತ ಹಾಗೆ.

ಚೀಟಿಯ ಮೇಲೆ ಪಿನ್ ಕೋಡ್ ಇರಲೇಬೇಕು. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ಚೀಲ ಯಾವ ವಿಂಗಡಣೆ ಜಿಲ್ಲೆಗೆ ಹೋಗಬೇಕು ಅಂತ ಹೇಳುತ್ತವೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಅಂತ. ನಮ್ಮ ಮೂರೂ ಜಿಲ್ಲೆಯ ಪಿನ್ ಶುರುವಾಗುವುದು 585ರಿಂದಲೇ. ಕಲಬುರಗಿ 585101, ಯಾದಗಿರಿ 585201, ಬೀದರ್ 585401. ಹಾಗಾಗಿ ಇಲ್ಲಿ ತಪ್ಪುವುದು ಕೊನೆಯ ಮೂರು ಅಂಕಿಯಲ್ಲಿ. ಅದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ನಮ್ಮ ಹಳ್ಳಿಗಳಲ್ಲಿ ಮನೆ ನಂಬರಿಗಿಂತ 'ಅಗಸಿ ಬಾಜು, ಹಣಮಂದೇವರ ಗುಡಿ ಹಿಂದ' ಅನ್ನುವುದೇ ಚೆನ್ನಾಗಿ ನಡೆಯುತ್ತದೆ. ಬರೆಯಿರಿ, ತಪ್ಪೇನಿಲ್ಲ. ಜೊತೆಗೆ ಮೊಬೈಲ್ ನಂಬರೂ ಇರಲಿ. ಪೋಸ್ಟ್‌ಮ್ಯಾನ್ ಅಣ್ಣನಿಗೆ ಒಂದು ಫೋನ್ ಮಾಡಿದರೆ ಮುಗಿಯುತ್ತದೆ.

ಪುಸ್ತಕದ ಒಳಗೆ ಏನಿರಬೇಕು

ಒಳರಕ್ಷಾಪುಟದ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿ. 'ಈ ಪುಸ್ತಕ ಸುತ್ತಾಟದಲ್ಲಿದೆ. 15 ದಿನ ಇಟ್ಟುಕೊಂಡು ಮುಂದೆ ಕಳಿಸಿ.' ಕೆಳಗೆ ನಿಮ್ಮ ಫೋನ್ ನಂಬರು. ನಿಯಮಗಳ ದೊಡ್ಡ ಪಟ್ಟಿ ಹಾಕಬೇಡಿ, ಯಾರೂ ಓದುವುದಿಲ್ಲ.

ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಹಾಳೆ ಇರುತ್ತದಲ್ಲ, ಅದರ ಮೇಲೆ ಪ್ರತಿಯೊಬ್ಬರೂ ಪೆನ್ಸಿಲ್ಲಿನಲ್ಲಿ ತಮಗೆ ಜೋರಾಗಿ ನಗು ಬಂದ ಪುಟದ ಸಂಖ್ಯೆ ಬರೆಯಬೇಕು. ಬರೀ ಸಂಖ್ಯೆ, ಬೇರೇನಿಲ್ಲ. ಸಾಲಿನ ಕೆಳಗೆ ಗೆರೆ ಎಳೆಯುವುದು ಬೇಡ. ಗೆರೆ ಕಂಡರೆ ಮುಂದಿನವರಿಗೆ 'ಇಲ್ಲಿ ನಗಬೇಕು' ಅಂತ ಮೊದಲೇ ಹೇಳಿದಂತಾಗುತ್ತದೆ. ನಮ್ಮ ಪ್ರತಿಯಲ್ಲಿ ಎಂಟರಲ್ಲಿ ಆರು ಜನ 112 ಅಂತ ಬರೆದಿದ್ದರು. ಮೂವರು ಬೇರೆಬೇರೆಯಾಗಿ ಸಾರಿಗೆ ಉಪ್ಪು ಹಾಕಿ, ನಾಲ್ಕನೆಯವನು ಅದನ್ನು ಸರಿಮಾಡಲು ಬೆಲ್ಲದ ಅಚ್ಚನ್ನೇ ಬಿಡುವ ಪುಟ ಅದು.

ಇನ್ನೊಂದು ಮಾತ್ರ ನಮ್ಮ ಕಡೆಯವರಿಗೆ ಬೇಕೇ ಬೇಕು: ಪದಗಳ ಚೀಟಿ. ಊಟದ ಕಾದಂಬರಿ ಮೈಸೂರು ಕಡೆಯದ್ದೋ ಕರಾವಳಿಯದ್ದೋ ಆಗಿದ್ದರೆ ಅಡುಗೆಯ ಹೆಸರುಗಳೇ ಬೇರೆ. ಮೊದಲ ಸುತ್ತಿನಲ್ಲಿ ಹುಮನಾಬಾದಿನ ಓದುಗರೊಬ್ಬರು ಫೋನ್ ಮಾಡಿ ಕೇಳಿದರು: "ಹುಳಿ ಮಾಡಿದ್ರು, ಹುಳಿ ಬಡಿಸಿದ್ರು ಅಂತ ಬರದಾರಲ್ಲ, ಬರೀ ಹುಣಸಿಹಣ್ಣು ಬಡಿಸ್ಯಾರೇನು?" ಅಲ್ಲಿಯ ಹುಳಿ ಅಂದರೆ ಬೇಳೆ, ತರಕಾರಿ ಹಾಕಿದ ಸಾಂಬಾರು. ತೊವ್ವೆ ಅಂದರೆ ಹೆಚ್ಚುಕಡಿಮೆ ನಮ್ಮ ಬ್ಯಾಳಿ. ಕಡ್ಲೆಕಾಯಿ ಅಂದರೆ ಶೇಂಗಾ. ಕಡ್ಲೆಪುರಿ ಅಂದರೆ ಚುರುಮುರಿ. ಹುಚ್ಚೆಳ್ಳು ಅಂದರೆ ಕಾರೆಳ್ಳು. ಇಂಥ ಹದಿನೈದು ಇಪ್ಪತ್ತು ಮಾತು ಟೈಪ್ ಮಾಡಿಸಿ ಹಿಂದಿನ ರಟ್ಟಿನ ಒಳಗೆ ಅಂಟಿಸಿ. ಹಾಸ್ಯ ಅರ್ಥವಾಗಲು ಪದ ಅರ್ಥವಾಗಬೇಕಲ್ವಾ?

ಉಲ್ಟಾ ಕೂಡ ಆಗುತ್ತದೆ. ನಮ್ಮ ಎರಡನೇ ಸುತ್ತಿನಲ್ಲಿ ಮೈಸೂರಿನವರೊಬ್ಬರಿದ್ದರು. ಯಾರೋ ತಮ್ಮ ಕಾರ್ಡಿನಲ್ಲಿ 'ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಾ ಓದಿದೆ' ಅಂತ ಬರೆದಿದ್ದರು. ನಾನು ಅದನ್ನು ಎಲ್ಲರಿಗೂ ಓದಿ ಹೇಳಿದೆ. ಮೈಸೂರಿನವರು ಗಾಬರಿಯಾಗಿ, "ಹಿಂಡೀನಾ? ಅದನ್ನ ನಾವು ದನಕ್ಕೆ ಹಾಕ್ತೀವಿ!" ಅಂದರು. ಅವರ ಕಡೆ ಹಿಂಡಿ ಅಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವುದು. ನಮ್ಮಲ್ಲಿ ಚಟ್ನಿಪುಡಿ. ಕಾದಂಬರಿಯಲ್ಲಿ ಇಲ್ಲದ ಒಂದು ಜೋಕು ನಮಗೆ ಪುಕ್ಕಟೆ ಸಿಕ್ಕಿತು.

ಕಟ್ಟುವುದು

ಮೊದಲು ಪುಸ್ತಕಕ್ಕೆ ಬಿಳಿ ಕಾಗದ ಸುತ್ತಿ. ಹಳೇ ಪೇಪರ್ ನೇರವಾಗಿ ಸುತ್ತಿದರೆ ಅದರ ಮಸಿ ರಕ್ಷಾಪುಟಕ್ಕೆ ಹತ್ತುತ್ತದೆ. ಅದರ ಮೇಲೆ ಪ್ಲಾಸ್ಟಿಕ್. ತೊಳೆದು ಒಣಗಿಸಿದ ದೊಡ್ಡ ಹಾಲಿನ ಪಾಕೀಟು ಕತ್ತರಿಸಿ ಬಿಡಿಸಿದರೆ ಅದಕ್ಕಿಂತ ಗಟ್ಟಿ ಪ್ಲಾಸ್ಟಿಕ್ ಬೇರೆ ಬೇಡ. ಆದರೆ ಮೂಸಿ ನೋಡಿ. ಹಾಲಿನ ವಾಸನೆ ಉಳಿದಿದ್ದರೆ ಇರುವೆ ಬರುತ್ತವೆ. ನಾಲ್ಕೂ ಮೂಲೆಗೆ ಹಳೇ ಲಗ್ನಪತ್ರಿಕೆಯ ರಟ್ಟು ಮಡಚಿ ಇಡಿ. ಪುಸ್ತಕಕ್ಕೆ ಪೆಟ್ಟು ಬೀಳುವುದು ಮೂಲೆಗೆ. ಕೊನೆಗೆ ದಪ್ಪ ಖಾಕಿ ಕಾಗದ, ಅಗಲದ ಗಮ್ ಟೇಪು.

ಸ್ಟೇಪ್ಲರ್ ಪಿನ್ನು ಬೇಡ, ಬಿಚ್ಚುವವರ ಕೈಗೆ ಚುಚ್ಚುತ್ತದೆ. ಖಾಕಿ ಕಾಗದವನ್ನು ಹರಿಯದೆ ಬಿಚ್ಚಿದರೆ ಮಗುಚಿ ಮತ್ತೆ ಬಳಸಬಹುದು. ಮಗುಚಿದಾಗ ಹಳೇ ವಿಳಾಸ ಒಳಗೆ ಹೋಗುವ ಹಾಗೆ ನೋಡಿಕೊಳ್ಳಿ. ಎರಡು ವಿಳಾಸ ಕಾಣುವ ಕಟ್ಟು ಹಿಂದಕ್ಕೇ ಬರುತ್ತದೆ. ಹೀಗೆ ಒಂದು ಸಲ ನಾನು ಕಳಿಸಿದ್ದು ಮೂರು ದಿನಕ್ಕೆ ನನ್ನ ಮನೆಗೇ ಬಂತು. ತಪ್ಪು ಪೂರಾ ನನ್ನದೇ.

ಈಗ ಮುಖ್ಯ ಮಾತು. ಪುಸ್ತಕದ ಜೊತೆ ತಿನ್ನುವ ವಸ್ತು ಇಡಬೇಡಿ. ಊಟದ ಕಾದಂಬರಿ ಓದಿದವರಿಗೆ ಕೈ ತಡೆಯುವುದಿಲ್ಲ, ನನಗೆ ಗೊತ್ತು. ಮೊದಲ ಸುತ್ತಿನಲ್ಲಿ ಒಬ್ಬರು ಪ್ರೀತಿಯಿಂದ ಒಂದು ಪೊಟ್ಟಣ ಶೇಂಗಾ ಹಿಂಡಿ, ನಾಲ್ಕು ಖಡಕ್ ರೊಟ್ಟಿ ಸೇರಿಸಿ ಕಟ್ಟಿದ್ದರು. ರೊಟ್ಟಿ ಪುಡಿಪುಡಿಯಾಗಿ ಪುಟಗಳ ಸಂದಿಗೆ ಸೇರಿತ್ತು. ಹಿಂಡಿಯ ಎಣ್ಣೆ ಇಳಿದು 60ನೇ ಪುಟದಿಂದ 74ರ ತನಕ ಹಾಳೆಗಳು ಗಾಜಿನ ಹಾಗಾಗಿದ್ದವು. ಈ ಕಡೆಯ ಅಕ್ಷರದ ಮೇಲೆ ಆ ಕಡೆಯ ಅಕ್ಷರ. ಆ ಭಾಗ ಓದಬೇಕಾದರೆ ಹಾಳೆಯ ಹಿಂದೆ ಬಿಳಿ ಕಾಗದ ಹಿಡಿಯಬೇಕಾಯಿತು. ಹಿಂಡಿ ಮಾತ್ರ ಚೆನ್ನಾಗಿತ್ತು.

ಅಂಚೆ ಕಚೇರಿಯಲ್ಲಿ

ಹಳೇ ಬುಕ್ ಪೋಸ್ಟ್ ನೆನಪಲ್ಲಿ ಹೋಗಬೇಡಿ. ಪುಸ್ತಕಗಳಿಗೆಂದು ಈಗ ಜ್ಞಾನ ಪೋಸ್ಟ್ ಅನ್ನುವ ಸೇವೆ ಇದೆ. 2025ರ ಮೇ 1ರಿಂದ ಶುರುವಾಗಿದೆ. 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಮೇಲೆ 270 ಗ್ರಾಂ ಲೆಕ್ಕ ಹಾಕಿದ್ದು ಇದಕ್ಕೇ. ಸುಮ್ನೆ ದಪ್ಪ ರಟ್ಟು ಸುತ್ತಿ 310 ಮಾಡಿಕೊಂಡರೆ ಮೇಲಿನ ದರ ಬೀಳುತ್ತದೆ. ಇದು ನೆಲದ ದಾರಿಯಲ್ಲೇ ಹೋಗುವ ಸೇವೆ, ಹಾಗಾಗಿ ಸ್ವಲ್ಪ ನಿಧಾನ. ಆದರೆ ಟ್ರ್ಯಾಕ್ ಮಾಡಬಹುದು.

ಇದಕ್ಕೆ ಕೆಲವು ಕಟ್ಟಳೆಗಳಿವೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅಂತ ಮಾಡಿದ್ದು. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ವಾರಪತ್ರಿಕೆ, ಮಾಸಪತ್ರಿಕೆ ಸಲ್ಲವು. ನಗೆ ಕಾದಂಬರಿಯನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ ಅಂತ ಕೌಂಟರಿನಲ್ಲಿ ಕಟ್ಟುವ ಮೊದಲೇ ತೋರಿಸಿ ಕೇಳಿ. ಹಾಗಾಗಿ ಮೊದಲ ಸಲ ಹೋಗುವಾಗ ಒಂದು ಬದಿ ಟೇಪ್ ಹಾಕದೆ ಒಯ್ಯಿರಿ, ಟೇಪು ಜೇಬಿನಲ್ಲಿರಲಿ. ಒಳಗೆ ಪತ್ರ ಬರೆದು ಇಡಬೇಡಿ. ನಾನು ಪೋಸ್ಟ್‌ಕಾರ್ಡನ್ನು, ವಿಳಾಸದ ಚೀಟಿಯನ್ನು ಬೇರೆ ಲಕೋಟೆಯಲ್ಲಿ ಮೊದಲೇ ಕಳಿಸುವುದಕ್ಕೆ ಇದೂ ಒಂದು ಕಾರಣ.

ಆಗುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್ ಇದೆ. ದುಡ್ಡು ಜಾಸ್ತಿ, ಬೇಗ ಮುಟ್ಟುತ್ತದೆ. 'ರಿಜಿಸ್ಟರ್ ಮಾಡಿ' ಅಂತ ಕೇಳುವವರು ಇನ್ನೂ ಇದ್ದಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿಬಿಟ್ಟಿದ್ದಾರೆ.

ಯಾವುದರಲ್ಲಿ ಕಳಿಸಿದರೂ ರಸೀದಿಯ ಫೋಟೋ ತೆಗೆದು ಮುಂದಿನವರಿಗೆ ಆ ಕೂಡಲೇ ಹಾಕಿ. 13 ಅಕ್ಷರ, ಅಂಕಿಗಳ ನಂಬರು ಅದರಲ್ಲಿರುತ್ತದೆ. ಕೌಂಟರಿನ ರಸೀದಿಯ ಮಸಿ ಎರಡು ತಿಂಗಳಿಗೆ ಮಾಸಿಹೋಗುತ್ತದೆ, ಫೋಟೋ ಉಳಿಯುತ್ತದೆ. ಅಂಚೆ ಖರ್ಚು ಕಳಿಸುವವರದ್ದೇ. ಎಲ್ಲರ ಹತ್ತಿರ ದುಡ್ಡು ಕೂಡಿಸಿ ಲೆಕ್ಕ ಇಡುವ ತಾಪತ್ರಯ ಬೇಡ.

'ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟರೆ ಸಂಜೆಗೇ ಬೀದರ್ ಮುಟ್ಟುತ್ತದೆ' ಅನ್ನುತ್ತಾರೆ. ನಿಜವೇ, ನಮ್ಮ ಕಡೆ ಟಿಫಿನ್ ಡಬ್ಬಿಯಿಂದ ಹಿಡಿದು ಔಷಧಿ ತನಕ ಹಾಗೇ ಹೋಗುತ್ತದೆ. ಆದರೆ ಅದಕ್ಕೆ ನಂಬರಿಲ್ಲ, ರಸೀದಿಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಯುವವರು ಹತ್ತು ನಿಮಿಷ ತಡವಾದರೆ ಪುಸ್ತಕ ಮುಂದಿನ ಊರಿಗೆ. ನಾನು ಒಪ್ಪುವುದಿಲ್ಲ.

ಎರಡೇ ಮೆಸೇಜು, ಒಂದು ಕಾರ್ಡು

ಓದುಗರಿಂದ ನೀವು ಕೇಳಬೇಕಾದದ್ದು ಇಷ್ಟೇ. ಪುಸ್ತಕ ಬಂದ ದಿನ 'ಬಂತು'. ಕಳಿಸಿದ ದಿನ 'ಹೋಯ್ತು'. ನಿಮ್ಮ ಹತ್ತಿರ ಒಂದು ನೋಟುಬುಕ್ಕಿನಲ್ಲಿ ಆ ಎರಡು ತಾರೀಖು ಬರೆದುಕೊಳ್ಳಿ.

ಅನಿಸಿಕೆಗೆ ಆ ಪೋಸ್ಟ್‌ಕಾರ್ಡು. ಕಾರ್ಡು ನಮ್ಮ ದೇಶಕ್ಕೆ ಬಂದದ್ದು 1879ರ ಜುಲೈ 1ರಂದು, ಆಗ ಅದರ ಬೆಲೆ ಕಾಲಾಣೆ. ಇಷ್ಟು ವರ್ಷವಾದರೂ ಅದರ ದೊಡ್ಡ ಗುಣ ಒಂದೇ: ಜಾಗ ಕಡಿಮೆ. 'ನಾಲ್ಕು ಸಾಲು ಬರೀರಿ' ಅಂದರೆ ಜನ ಬರೆಯುತ್ತಾರೆ, 'ವಿಮರ್ಶೆ ಬರೀರಿ' ಅಂದರೆ ಓಡಿಹೋಗುತ್ತಾರೆ. ಒಂದೇ ಷರತ್ತು ಹಾಕಿ. ಕತೆ ಹೇಳಬಾರದು, ಓದುವಾಗ ಮನೆಯಲ್ಲಿ ಏನಾಯಿತು ಅದನ್ನು ಬರೆಯಬೇಕು.

ನನಗೆ ಬಂದ ಕಾರ್ಡುಗಳಲ್ಲಿ ಒಂದರ ಮೇಲೆ ಅರಿಶಿನದ ಬೆರಳಚ್ಚು ಇದೆ. ಅಕ್ಷರ ದುಂಡಗೆ, ಸಾಲು ಕೆಳಕ್ಕೆ ಇಳಿಯುತ್ತದೆ. 'ಪುಂಡಿ ಪಲ್ಯ ಒಲಿ ಮ್ಯಾಲ ಇಟ್ಟು ಓದ್ಲಿಕ್ಕ ಕುಂತಿದ್ದೆ. ಪಲ್ಯ ಹತ್ತಿತು. ಯಜಮಾನರು ಬೈದರು. ಅವರಿಗೂ ಒಂದು ಪುಟ ಓದಿ ಹೇಳಿದೆ. ಆಮ್ಯಾಲ ಹತ್ತಿದ ಪಲ್ಯಾನೇ ಉಂಡರು.' ಅಷ್ಟೇ ಬರೆದಿದ್ದರು. ನಾನು ಅದನ್ನು ಗೋಡೆಗೆ ಹಚ್ಚಿದ್ದೇನೆ.

ಒಂದು ಮಾತು: ಕಾರ್ಡು ಸಣ್ಣ ಅಂಚೆ ಕಚೇರಿಗಳಲ್ಲಿ ಕೆಲವೊಮ್ಮೆ ಮುಗಿದಿರುತ್ತದೆ. ಒಂದೇ ಸಲ ಇಪ್ಪತ್ತು ಕೊಂಡಿಟ್ಟುಕೊಳ್ಳಿ, ಹತ್ತು ರೂಪಾಯಿ.

ಪುಸ್ತಕ ನಿಂತರೆ

ನಿಲ್ಲುತ್ತದೆ. ಒಂದು ಮನೆಯಲ್ಲಾದರೂ ನಿಲ್ಲುತ್ತದೆ. 15ನೇ ದಿನ ನೀವೇ ಒಂದು ಮೆಸೇಜ್ ಹಾಕಿ, ಬೈಯದೆ. 20ನೇ ದಿನ ನೀವು ಸುಮ್ಮನಿರಿ, ಸರದಿಯಲ್ಲಿ ಮುಂದಿನವರಿಂದ ಫೋನ್ ಮಾಡಿಸಿ. ಕುರ್ಚಿ ಹಿಡಿದು ನಿಲ್ಲುವುದು ಅಂದರೆ ಇದೇ. ಮನೆಯ ಯಜಮಾನ 'ಏಳ್ರಿ' ಅಂದರೆ ಜಗಳವಾಗುತ್ತದೆ. ಹಸಿದವನು ಸುಮ್ಮನೆ ಹಿಂದೆ ನಿಂತರೆ ಸಾಕು.

ಎರಡನೇ ಸುತ್ತಿನಲ್ಲಿ ಬಸವಕಲ್ಯಾಣದಲ್ಲಿ 27 ದಿನ ಆಯಿತು. ಮುಂದಿನವರು ಊರಲ್ಲಿರಲಿಲ್ಲ, ಕೊನೆಗೆ ನಾನೇ ಫೋನ್ ಮಾಡಿದೆ.

"ಅಕ್ಕಾ, ಬುಕ್ ಓದದು ಆಯ್ತೇನ್ರಿ?"

"ನಂದು ಎಂದೋ ಆಯ್ತೋ ತಮ್ಮಾ. ನಮ್ಮ ಅತ್ತಿ ಹಿಡ್ಕೊಂಡು ಕುಂತಾರ, ಬಿಡವಲ್ರು."

"ಅವರಿಗಿ ಎಷ್ಟು ಪುಟ ಉಳಿದಾವ್ರಿ?"

ಆ ಕಡೆ ಪಿಸುಪಿಸು ಮಾತು. ಆಮೇಲೆ ಹಿಂದಿನಿಂದ ಒಂದು ಗಟ್ಟಿ ದನಿ: "ಮುಗದದ ಅಂತ ಹೇಳು. ಎರಡನೇ ಸಲ ನಡದದ ಅಂತ ಹೇಳು!"

ಇಂಥಲ್ಲಿ ಏನು ಮಾಡಬೇಕು? ನಾನು ಇನ್ನೂ ಒಂದು ವಾರ ಕೊಟ್ಟೆ. ಓದುತ್ತಿದ್ದರೆ ಕೊಡಿ, ಸುಮ್ನೆ ಬಿದ್ದಿದ್ದರೆ ಕೊಡಬೇಡಿ. ತಿಳಿಯುವುದು ಸುಲಭ. 'ಎಲ್ಲಿತನಕ ಬಂತು?' ಅಂತ ಕೇಳಿ. ಓದುವವರು ಕತೆ ಹೇಳಲು ಶುರು ಮಾಡುತ್ತಾರೆ. ಓದದವರು 'ಸ್ವಲ್ಪ ಬ್ಯುಸಿ ಇದ್ದೆ' ಅನ್ನುತ್ತಾರೆ.

30 ದಿನ ದಾಟಿ, ಫೋನೂ ಎತ್ತದಿದ್ದರೆ ಆ ಊರಿಗೆ ಹೋಗುವವರ ಕೈಲಿ ತರಿಸಿ. ಪುಸ್ತಕ ಸಿಗದಿದ್ದರೆ ಇನ್ನೊಂದು ಪ್ರತಿ ಕೊಂಡು ಅಲ್ಲಿಂದಲೇ ಸಾಲು ಮುಂದುವರಿಸಿ. ಮುಂದಿನವರನ್ನು ಕಾಯಿಸಬೇಡಿ. ಆ ಮನೆಯವರನ್ನು ಮುಂದಿನ ಸುತ್ತಿಗೆ ಕರೆಯದಿದ್ದರೆ ಆಯಿತು, ಸಂಬಂಧ ಕೆಡಿಸಿಕೊಳ್ಳುವಷ್ಟು ದೊಡ್ಡ ಮಾತಲ್ಲ. ಎಷ್ಟಾದರೂ ಒಂದು ಕಾದಂಬರಿಯ ಬೆಲೆ.

ಎಣ್ಣೆ, ಅರಿಶಿನ, ಮಳೆ

ಊಟದ ಪುಸ್ತಕ ಊಟದ ಹತ್ತಿರವೇ ಓದಿಸಿಕೊಳ್ಳುತ್ತದೆ. ಕಲೆ ಬೀಳುತ್ತದೆ. ಹೊಸ ಎಣ್ಣೆ ಕಲೆಯಾದರೆ ಎರಡೂ ಬದಿಗೆ ಕಾರ್ನ್‌ಫ್ಲೋರ್ ಇಲ್ಲವೇ ಮೈದಾ ಉದುರಿಸಿ, ಮೇಲೆ ಕಾಗದ ಹಾಕಿ, ಭಾರ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತನೆ ಬ್ರಷ್ಷಿನಿಂದ ಕೊಡವಿ. ಪೂರಾ ಹೋಗುವುದಿಲ್ಲ, ಹರಡುವುದು ನಿಲ್ಲುತ್ತದೆ. ಹಿಟ್ಟು ಒಂದು ಕಾಳೂ ಉಳಿಯಬಾರದು, ಹುಳು ಬೀಳುತ್ತದೆ.

ಅರಿಶಿನ ಬಿಸಿಲಿಗೆ ಮಂಕಾಗುತ್ತದೆ. ಆದರೆ ಕಾಗದವೂ ಅದೇ ಬಿಸಿಲಿಗೆ ಹಳದಿಯಾಗುತ್ತದೆ. ಹಾಗಾಗಿ ಬಿಟ್ಟುಬಿಡಿ.

ಮಳೆಯಲ್ಲಿ ನೆನೆದರೆ ಒತ್ತಿ ಒರೆಸಬೇಡಿ, ಇಸ್ತ್ರಿ ಬೇಡ, ಒಲೆಯ ಹತ್ತಿರ ಬೇಡ. ನೆಟ್ಟಗೆ ನಿಲ್ಲಿಸಿ, ಪುಟಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ಫ್ಯಾನಿನ ಗಾಳಿಗೆ ಎರಡು ದಿನ ಇಡಿ. ಪೂರಾ ಒಣಗಿದ ಮೇಲೆ ಜೋಳದ ಡಬ್ಬಿಯ ಕೆಳಗೆ ಇಟ್ಟರೆ ಸುಕ್ಕು ಸ್ವಲ್ಪ ಇಳಿಯುತ್ತದೆ. ಹಸಿಯಿರುವಾಗ ಭಾರ ಇಟ್ಟರೆ ಮಾತ್ರ ಬೂಸು ಗ್ಯಾರಂಟಿ.

ವಾಪಸ್ ಬಂದ ಮೇಲೆ

ನಮ್ಮ ಪುಸ್ತಕ 160ರ ಬದಲು 191ನೇ ದಿನ ಬಂತು. ಬೆನ್ನು ಸ್ವಲ್ಪ ಬಾಗಿತ್ತು. ತೆರೆದರೆ ಒಗ್ಗರಣೆ ವಾಸನೆ. ಕೊನೆಯ ಹಾಳೆಯ ಮೇಲೆ ಎಂಟು ಜನರ ಪೆನ್ಸಿಲ್ ಅಂಕಿ, ಅದರ ಕೆಳಗೆ ಲೆಕ್ಕಕ್ಕೆ ಇಲ್ಲದ ಒಂಬತ್ತನೆಯ ಸಾಲು, ನಡುಗುವ ಕೈಯಿಂದ: 112, 112, 112.

ನೀವು ಮಾಡಬೇಕಾದದ್ದು ಇಷ್ಟು. ಎಲ್ಲರಿಗೂ 'ಬಂತು' ಅಂತ ತಿಳಿಸಿ. ಬಂದ ಕಾರ್ಡುಗಳ ಫೋಟೋ ತೆಗೆದು, ಬರೆದವರನ್ನು ಕೇಳಿಕೊಂಡು, ಎಂಟೂ ಜನರಿಗೆ ಹಂಚಿ. ಬೈಂಡಿಂಗ್ ಸಡಿಲಾಗಿದ್ದರೆ ಮತ್ತೆ ಹೊಲಿಸಿ. ಹೊಸ ಸುತ್ತಿಗೆ ಪುಸ್ತಕವನ್ನು ಈ ಎಂಟು ಜನರೇ ಆರಿಸಲಿ, ಪ್ರತಿ ಕೊಳ್ಳುವವರು ಈ ಸಲ ಬೇರೆಯವರಾಗಲಿ. ಒಬ್ಬರ ತಲೆಯ ಮೇಲೇ ಎಲ್ಲ ಬಂದರೆ ಮೂರನೇ ಸುತ್ತಿಗೆ ಅವರೂ ಬೇಸತ್ತು ಬಿಡುತ್ತಾರೆ.

ನಮ್ಮ ಮೂರನೇ ಸುತ್ತು ಮುಂದಿನ ತಿಂಗಳು ಹೊರಡುತ್ತದೆ. ತಯಾರಿ ಲಕೋಟೆಗಳನ್ನು ನಿನ್ನೆ ಅಂಟಿಸಿದೆ. ಬಸವಕಲ್ಯಾಣದ ಮನೆಗೆ ಈ ಸಲ ಎರಡು ಕಾರ್ಡು ಇಟ್ಟಿದ್ದೇನೆ. ಒಂದು ಅಕ್ಕನಿಗೆ, ಇನ್ನೊಂದು ಅವರ ಅತ್ತೆಗೆ. ದಿನ ಮಾತ್ರ 15 ಅಲ್ಲ, 30.